ಬಿಡದಿ ಅಪ್ಪ

ದೇವರಾಜುವಿಗೆ ಕೋಡಿಹಳ್ಳಿಯಿಂದ ಮೂರು ಮೈಲಿ ಒಳಗಿನ ಊರೊಂದರಲ್ಲಿ ಸ್ವಂತ ಮನೆಯಿತ್ತು, ಬಿಡದಿಯಲ್ಲಿ ಬಾಡಿಗೆಯ ರೂಮಿತ್ತು. ಒಂದರಿಂದ ಇನ್ನೊಂದಕ್ಕೆ ಹೋಗಲು ಮೂರು ಬಸ್ಸು ಹತ್ತಬೇಕು. ಎಲ್ಲಿರೋದಪ್ಪ ನೀನು ಎಂದು ಯಾರಾದರೂ ಕೇಳಿದರೆ ಊರಿನ ಹೆಸರನ್ನೇ ಹೇಳುತ್ತಿದ್ದ. ರೇಷನ್ ಕಾರ್ಡು ಅಲ್ಲಿಯದು, ಓಟು ಅಲ್ಲಿಯದು, ಹೆಂಡತಿ ಮಗಳು ಇರುವುದೂ ಅಲ್ಲೇ. ಆದರೆ ಅವನ ಹಲ್ಲುಜ್ಜುವ ಬ್ರಷ್ಷು ಮಾತ್ರ ಎಂಟು ವರ್ಷದಿಂದ ಬಿಡದಿಯ ರೂಮಿನ ಕಿಟಕಿಯ ಮೇಲೇ ಇತ್ತು. ಗಂಡಸು ಎಲ್ಲಿ ಬಾಳುತ್ತಿದ್ದಾನೆ ಎಂದು ತಿಳಿಯಬೇಕಾದರೆ ರೇಷನ್ ಕಾರ್ಡು ನೋಡಿ ಪ್ರಯೋಜನವಿಲ್ಲ, ಬ್ರಷ್ಷು ನೋಡಬೇಕು.

ಅವನು ಕೆಲಸ ಮಾಡುತ್ತಿದ್ದದ್ದು ಕಾರಿನ ಬಂಪರುಗಳಿಗೆ ಬಣ್ಣ ಹೊಡೆಯುವ ಕಾರ್ಖಾನೆಯಲ್ಲಿ. ತೊಂಬತ್ತೊಂಬತ್ತರಲ್ಲಿ ಬಿಡದಿಯ ಸುತ್ತಿನ ರಾಗಿ ಹೊಲಗಳಿಗೆ ತಂತಿಬೇಲಿ ಬಿದ್ದು, ಒಂದರ ಪಕ್ಕ ಒಂದು ಶೆಡ್ಡು ಎದ್ದು, ಐಟಿಐ ಮುಗಿಸಿದ ಹುಡುಗರನ್ನು ಕರೆಕರೆದು ಸೇರಿಸಿಕೊಳ್ಳುತ್ತಿದ್ದ ಕಾಲ ಅದು. ದೇವರಾಜುವಿಗೆ ಆಗ ಇಪ್ಪತ್ತಾರು. ಲತಾಮಣಿಯನ್ನು ಮದುವೆಯಾಗಿ ಐದಾರು ತಿಂಗಳಾಗಿತ್ತು. ಮನೆಯಲ್ಲಿ ಅವ್ವ ಬೋರಮ್ಮ, ಒಂದು ಎಕರೆ ಹಿಪ್ಪುನೇರಳೆ ತೋಟ, ವರ್ಷಕ್ಕೆ ಐದು ಬೆಳೆ ರೇಷ್ಮೆಹುಳ. ಹುಳದ ಕೆಲಸವನ್ನು ಹೆಂಗಸರಿಬ್ಬರು ನೋಡಿಕೊಳ್ಳುವುದು, ಅವನು ಸಂಬಳ ತರುವುದು ಎಂದು ಮಾತಾಯಿತು. ಮೊದಲ ವರ್ಷ ಅವನು ದಿನಾ ಮನೆಗೆ ಬರುತ್ತಿದ್ದ. ಬೆಳಿಗ್ಗೆ ಐದಕ್ಕೆ ಎದ್ದು ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಾಪಸು. ಸುಸ್ತಾಗುತ್ತಿತ್ತು, ಆದರೆ ಅದೊಂದು ದೊಡ್ಡ ವಿಷಯ ಅಂತ ಅವನಿಗೆ ಅನ್ನಿಸಿರಲಿಲ್ಲ.

ಹುಳ ಸಾಕುವ ಮನೆಗೆ ಅದರದೇ ಕಟ್ಟಳೆಗಳು. ಹುಳ ಇರುವಷ್ಟು ದಿನ ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಬೀಡಿ ಹಚ್ಚುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ, ಸಾವಿನ ಮನೆಗೆ ಹೋಗಿ ಬಂದವರು ಆ ಕಡೆ ತಲೆ ಹಾಕುವಂತಿಲ್ಲ. ಹುಳಕ್ಕೆ ಜ್ವರ ಬಂದಿದೆ ಎಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಮಲಗಿದೆ, ಪೊರೆ ಬಿಡುತ್ತಿದೆ ಅಂತ ಅರ್ಥ. ಆಗ ಮನೆಯವರೂ ಪಿಸುಮಾತಿನಲ್ಲೇ ಮಾತಾಡಬೇಕು. ಇಂಥ ನಾಲ್ಕು ಜ್ವರ ದಾಟಿದ ಮೇಲೆ ಹುಳ ಗೂಡು ಕಟ್ಟುತ್ತದೆ. ಈ ಕಟ್ಟಳೆಗಳಿಗೆಲ್ಲ ಬೋರಮ್ಮನೇ ಪೊಲೀಸು, ಅವಳೇ ಜಡ್ಜು.

ಎರಡು ಸಾವಿರನೇ ಇಸವಿಯ ಶ್ರಾವಣದಲ್ಲಿ ಆ ಎಡವಟ್ಟು ನಡೆಯಿತು. ಮಗಳು ಸೌಮ್ಯಳಿಗೆ ಮೂರು ತಿಂಗಳು. ಆಗೆಲ್ಲ ಹುಳದ ತಟ್ಟೆಗಳು ಇರುತ್ತಿದ್ದದ್ದು ನಡುಮನೆಯಲ್ಲೇ, ಮಗುವಿನ ತೊಟ್ಟಿಲು ಅದರಾಚೆಯ ಕೋಣೆಯಲ್ಲಿ. ಒಂದು ಸಂಜೆ ದೇವರಾಜು ಬಂದಾಗ ಮಗು ಕಿರುಚಿ ಅಳುತ್ತಿತ್ತು, ಹೆಂಗಸರಿಬ್ಬರೂ ತೋಟದಲ್ಲಿದ್ದರು. ಸ್ನಾನ ಮಾಡದೆ, ಕಾರ್ಖಾನೆಯ ಬಟ್ಟೆಯಲ್ಲೇ, ತಟ್ಟೆಗಳ ನಡುವೆ ಹಾದುಹೋಗಿ ಮಗುವನ್ನು ಎತ್ತಿಕೊಂಡ. ಬೋರಮ್ಮ ಬಂದು ಮೂಗು ಮುಚ್ಚಿಕೊಂಡಳು. ಅವನ ಮೈಯಿಂದ ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ ಗಪ್ಪೆಂದು ಹೊಡೆಯುತ್ತಿತ್ತು. ಮೂರನೇ ದಿನಕ್ಕೆ ಹುಳಗಳು ಊದಿಕೊಂಡು ತಟ್ಟೆಯ ಅಂಚಿನಲ್ಲಿ ಗೊತ್ತುಗುರಿಯಿಲ್ಲದೆ ಹರಿದಾಡತೊಡಗಿದವು. ಮುಟ್ಟಿದರೆ ಒಡೆದು ಹಾಲಿನಂಥ ನೀರು ಸುರಿಯಿತು. ನೂರು ಗುಂಪು ಮೊಟ್ಟೆಯಿಂದ ಎದ್ದ ಸಾವಿರಾರು ಹುಳವನ್ನೆಲ್ಲ ಲತಾಮಣಿ ಬುಟ್ಟಿಯಲ್ಲಿ ಹೊತ್ತು ತೋಟದ ಗುಂಡಿಗೆ ಸುರಿದು ಸುಣ್ಣ ಚೆಲ್ಲಿದಳು.

"ನಿನ್ ಮೈಯಿಂದ ಬತ್ತದಲ್ಲ ಆ ನಾತ, ಅದಕ್ಕೇ ಕಣ್ಲಾ ದೇವ, ಹುಳ ಹಿಂಗಾಗಿರೋದು" ಎಂದಳು ಬೋರಮ್ಮ. ಊರವರೂ ಹೂಂಗುಟ್ಟಿದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ದೇವರಾಜು ತಾನೇ ತಪ್ಪಿತಸ್ಥ ಎಂದು ಒಪ್ಪಿಕೊಂಡ. ಮುಂದಿನ ಬೆಳೆಗೆ ಮೊಟ್ಟೆ ತರುವ ಮೊದಲೇ ಬಿಡದಿಯಲ್ಲಿ ಒಂದು ರೂಮು ಹಿಡಿದ. ಹುಳ ಇರುವಾಗ ಅಲ್ಲಿರುವುದು, ಹುಳ ಇಲ್ಲದಾಗ ಮನೆಗೆ ಬರುವುದು ಎಂದು ತೀರ್ಮಾನವಾಯಿತು. ಹುಳದ ದಿನಗಳಲ್ಲಿ ಏನಾದರೂ ಕೊಡುವುದು ಬಿಡುವುದು ಇದ್ದರೆ ಜಗಲಿಯವರೆಗೆ ಬಂದು, ಜಗಲಿಯ ಮೇಲೇ ಉಂಡು ಹೊರಟುಬಿಡುತ್ತಿದ್ದ.

ಇಲ್ಲಿಯವರೆಗೆ ಅವನದೇನೂ ತಪ್ಪಿಲ್ಲ. ತಪ್ಪು ಶುರುವಾದದ್ದು ಎರಡು ತಿಂಗಳ ಮೇಲೆ, ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ.

ರೇಷ್ಮೆ ಇಲಾಖೆಯ ಪುಟ್ಟಸ್ವಾಮಿ ಎನ್ನುವವರು ಹಳ್ಳಿಹಳ್ಳಿಗೆ ಬಂದು ಹುಳ ನೋಡಿ ಹೋಗುತ್ತಿದ್ದರು. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ದೇವರಾಜುವನ್ನು ಕಂಡು ಅವರೇ ಮಾತಾಡಿಸಿದರು. ಅವನು ತನ್ನ ವಾಸನೆಯಿಂದ ಹುಳ ಸತ್ತ ಕತೆ ಹೇಳಿದಾಗ ನಕ್ಕರು. ಅದು ಹಾಲುತೊಂಡೆ ರೋಗ, ಮಳೆಗಾಲದ ತೇವಕ್ಕೆ, ಸರಿಯಾಗಿ ತೊಳೆಯದ ತಟ್ಟೆಗೆ ಬರುವಂಥದ್ದು, ಒಂದೇ ಸಂಜೆಯ ವಾಸನೆಗೆಲ್ಲ ಬರುವುದಿಲ್ಲ ಎಂದರು. ಕೆಲಸದಿಂದ ಬಂದು ಸ್ನಾನ ಮಾಡಿ ಬೇರೆ ಬಟ್ಟೆ ಹಾಕಿಕೊಂಡರೆ ಹುಳಕ್ಕೇನೂ ಆಗುವುದಿಲ್ಲ, ಧಾರಾಳವಾಗಿ ಮನೆಯಲ್ಲಿರು ಎಂದು ಬೆನ್ನು ತಟ್ಟಿ ಬಸ್ಸು ಹತ್ತಿದರು.

ದೇವರಾಜುವಿನ ಎದೆಯ ಮೇಲಿನ ಕಲ್ಲು ಇಳಿಯಿತು. ಭಾನುವಾರ ಹೋಗಿ ಹೇಳಬೇಕು ಅಂದುಕೊಂಡ. ಆ ಭಾನುವಾರ ಓಟಿ, ಅಂದರೆ ಹೆಚ್ಚುವರಿ ಪಾಳಿ, ಬಿತ್ತು. ಅದರ ಮುಂದಿನ ವಾರ ಹೋದಾಗ ಅವ್ವ ಯಾವುದೋ ಸಿಟ್ಟಿನಲ್ಲಿದ್ದಳು, ಹುಳದ ಮಾತೆತ್ತಿದರೆ ಹರಿಹಾಯುತ್ತಾಳೆ ಎಂದು ಸುಮ್ಮನಾದ. ಅಷ್ಟರಲ್ಲಿ ರೂಮು ಅವನಿಗೆ ರೂಢಿಯಾಗಿತ್ತು. ನಿಜ ಹೇಳಬೇಕೆಂದರೆ ಹಿತವಾಗಿತ್ತು. ಶಿಫ್ಟು ಮುಗಿದ ಹತ್ತು ನಿಮಿಷಕ್ಕೆ ಹಾಸಿಗೆ. ಮಗುವಿನ ಅಳುವಿಲ್ಲ, ಸೊಪ್ಪಿನ ಹೊರೆಯಿಲ್ಲ, ಅತ್ತೆ ಸೊಸೆಯ ಮುಸುಕಿನ ಗುದ್ದಿಲ್ಲ. ಓಟಿ ಇದೆ ಎಂದರೆ ಯಾರನ್ನೂ ಕೇಳದೆ ಕೈಯೆತ್ತಬಹುದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಹುಳದ ಕಟ್ಟಳೆ ಅವನನ್ನು ದೂರವಿಟ್ಟಿತು ಎಂದು ಊರು ತಿಳಿದಿತ್ತು. ಅವನು ಆ ಕಟ್ಟಳೆಯನ್ನೇ ಹೊದ್ದು ಬೆಚ್ಚಗೆ ಮಲಗಿದ್ದ. ಬರಬರುತ್ತ ಹುಳ ಇಲ್ಲದ ದಿನಗಳಲ್ಲೂ ಹಬ್ಬ ಹುಣ್ಣಿಮೆಗೆ ಮಾತ್ರ ಊರಿಗೆ ಹೋಗುವುದಾಯಿತು.

ಹಿತ ಎನ್ನುವುದು ಎಷ್ಟು ದಿನ ಇರುತ್ತದೆ? ಎರಡು ವರ್ಷ ಇತ್ತು ಅಂತಿಟ್ಟುಕೊಳ್ಳಿ. ಆಮೇಲೆ ರೂಮು ಅವನನ್ನು ತಿನ್ನತೊಡಗಿತು. ರಜೆಯ ದಿನ ಬಟ್ಟೆ ಒಗೆದು ಹಾಕಿದ ಮೇಲೆ ಮಾಡಲು ಏನೂ ಇರುತ್ತಿರಲಿಲ್ಲ. ಮಂಚದ ಮೇಲೆ ಬಿದ್ದುಕೊಂಡು ಅಕ್ಕಪಕ್ಕದ ಮನೆಗಳ ಕುಕ್ಕರ್ ಕೂಗು ಕೇಳುತ್ತಿದ್ದ. ಎಡಗಡೆಯವರದು ನಾಲ್ಕು ಕೂಗು, ಮೇಲಿನವರದು ಮೂರು. ಮೇಲಿನ ಮನೆಯಲ್ಲಿ ಒಮ್ಮೊಮ್ಮೆ ಏಳೆಂಟು ಕೂಗಿದರೆ ನೆಂಟರು ಬಂದಿದ್ದಾರೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಜೊತೆಗೆ ಕೆಲಸ ಮಾಡುವ ಜಬ್ಬಾರ್ ಚನ್ನಪಟ್ಟಣದವನು. ಶಿಫ್ಟು ಮುಗಿಯುತ್ತಿದ್ದಂತೆ ಪ್ಯಾಸೆಂಜರ್ ರೈಲಿಗೆ ಓಡುತ್ತಿದ್ದ. ಓಡಿ ಓಡಿ ಅವನ ಚಪ್ಪಲಿ ಮೂರು ತಿಂಗಳೂ ಬಾಳುತ್ತಿರಲಿಲ್ಲ. ಅದೇನು ನಿನ್ನನ್ನು ನಾಯಿ ಅಟ್ಟಿಸಿಕೊಂಡು ಬರುತ್ತಾ ಎಂದು ದೇವರಾಜು ರೇಗಿಸುತ್ತಿದ್ದ. ರೇಗಿಸಿ ರೂಮಿಗೆ ಬಂದು ಬೀಗ ತೆಗೆಯುವಾಗ ಮಾತ್ರ ಸವೆಯದ ತನ್ನ ಚಪ್ಪಲಿಯ ಕಡೆ ಕಣ್ಣು ಹೋಗುತ್ತಿತ್ತು.

ಹಾಗಿದ್ದರೆ ಮನೆಗೆ ಹೋಗಬಾರದಾಗಿತ್ತೇ? ಹೋಗಬಹುದಿತ್ತು. ಎರಡು ಸಾವಿರದ ನಾಲ್ಕರಲ್ಲಿ ಹೋಗುವುದಕ್ಕೆ ರಾಜಮಾರ್ಗವೇ ಆಯಿತು. ಲತಾಮಣಿ ಇಲಾಖೆಯ ನೆರವಿಗೆ ಅರ್ಜಿ ಹಾಕಿ, ಓಡಾಡಿ, ಮನೆಯಿಂದ ಇಪ್ಪತ್ತು ಮಾರು ದೂರದಲ್ಲಿ ಬೇರೆಯೇ ಒಂದು ಹುಳದ ಮನೆ ಕಟ್ಟಿಸಿದಳು. ಅಂದಮೇಲೆ ವಾಸದ ಮನೆಯಲ್ಲಿ ಹುಳವೇ ಇಲ್ಲ. ಬೋರಮ್ಮನ ಕಾನೂನಿನ ಪ್ರಕಾರವೂ ಮಗ ಮನೆಯಲ್ಲಿ ಮಲಗಲು ಅಡ್ಡಿಯಿರಲಿಲ್ಲ. ಹುಳದ ಮನೆಯ ಪೂಜೆಗೆ ದೇವರಾಜು ಬಂದ, ಹೊಸ ಗೋಡೆಗೆ ಕೈಯಿಟ್ಟು ನೋಡಿದ, ಚೆನ್ನಾಗಿದೆ ಎಂದ, ಪಾಯಸ ಉಂಡ. ಸಂಜೆಯ ಬಸ್ಸಿಗೆ ಬಿಡದಿಗೆ ಹೊರಟ. ಲತಾಮಣಿ ಬೇಲಿಯವರೆಗೆ ಬಂದು ನಿಂತಿದ್ದಳು. ಅವಳು ಯಾಕೆ ನಿಂತಿದ್ದಾಳೆಂದು ಅವನು ಯೋಚಿಸಲೂ ಇಲ್ಲ. ಅದು ಅವನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ಎರಡು ವರ್ಷದ ಮೇಲೆ ಬೋರಮ್ಮ ತೀರಿಕೊಂಡಳು. ಆಗ ಹನ್ನೊಂದು ದಿನ ಒಟ್ಟಿಗೆ ಮನೆಯಲ್ಲಿದ್ದ. ಅಷ್ಟೂ ದಿನ ನೀರಿನ ಚೆಂಬು ಎಲ್ಲಿದೆ, ಸ್ವಿಚ್ಚು ಎಲ್ಲಿದೆ ಎಂದು ಕೇಳಿಕೊಂಡೇ ಓಡಾಡಿದ. ವಾಸನೆಯ ನೆಪ ಹೇಳುವವಳೂ ಈಗ ಇರಲಿಲ್ಲ. ಆದರೂ ಹನ್ನೆರಡನೇ ದಿನ ಚೀಲ ಹೆಗಲಿಗೇರಿಸಿದ. ಡ್ಯೂಟಿ ಇದೆ ಎಂದ. ಡ್ಯೂಟಿ ಇದ್ದದ್ದು ನಿಜ. ಅದು ಯಾವತ್ತು ಇರಲಿಲ್ಲ?

ಸೌಮ್ಯಳಿಗೆ ಏಳು ತುಂಬಿದ ವರ್ಷ ದೀಪಾವಳಿಗೆ ಬಂದಿದ್ದಾಗ ಅವಳ ಗೆಳತಿಯೊಬ್ಬಳು ಜಗಲಿಯ ಹತ್ತಿರ ನಿಂತು ಯಾರೇ ಅದು ಎಂದು ಕೇಳಿದಳು. "ಅದು ಬಿಡದಿ ಅಪ್ಪ" ಎಂದಳು ಸೌಮ್ಯ. ಅವಳಿಗೆ ಮಾಗಡಿ ಮಾವ ಇದ್ದ, ಉಯ್ಯಂಬಳ್ಳಿ ಅಜ್ಜಿ ಇದ್ದಳು. ಹಬ್ಬಕ್ಕೆ ಬಂದು ಹೋಗುವವರಿಗೆಲ್ಲ ಊರಿನ ಹೆಸರು ಸೇರಿಸಿ ಕರೆಯುವಂತೆ ಅಪ್ಪನಿಗೂ ಸೇರಿಸಿದ್ದಳು. ಮಗುವಿನ ಮನಸ್ಸಿನಲ್ಲಿ ಯಾವ ಕೆಟ್ಟದ್ದೂ ಇರಲಿಲ್ಲ. ದೇವರಾಜು ನಕ್ಕ. ಬಿಡದಿಗೆ ಬಂದು ಜಬ್ಬಾರನಿಗೂ ಹೇಳಿ ನಗಿಸಲು ನೋಡಿದ. ಜಬ್ಬಾರ್ ನಗಲಿಲ್ಲ, ಮಾತು ಬದಲಾಯಿಸಿದ.

ಎರಡು ಸಾವಿರದ ಎಂಟರ ಅಕ್ಟೋಬರಿನಲ್ಲಿ ಕಾರ್ಖಾನೆಗೆ ಕೆಲಸ ಕಡಿಮೆಯಾಯಿತು. ಕಾರು ಕೊಳ್ಳುವವರಿಲ್ಲ ಎಂದರು, ಅಮೆರಿಕದಲ್ಲಿ ಏನೋ ಬಿದ್ದುಹೋಗಿದೆ ಎಂದರು. ಓಟಿ ನಿಂತಿತು. ಸುಮ್ಮನೆ ಕೂರಿಸುವುದೇಕೆ ಎಂದು ಕಂಪನಿಯವರು ತರಬೇತಿ ಇಟ್ಟರು. ಬೆಂಗಳೂರಿನಿಂದ ಒಬ್ಬ ಮೇಡಮ್ ಬಂದು ಬೋರ್ಡಿನ ಮೇಲೆ ದುಡಿಮೆ ಒಂದು ಕಡೆ, ಸಂಸಾರ ಒಂದು ಕಡೆ ಬರೆದು ನಡುವೆ ತಕ್ಕಡಿ ಎಳೆದರು. ಓಟಿ ಇದ್ದಷ್ಟು ದಿನ ಕಾಣದ ಸಂಸಾರ ಕಂಪನಿಗೆ ಈಗ ಕಂಡಿತಲ್ಲ ಎಂದು ಹಿಂದಿನ ಬೆಂಚಿನವರು ಗೊಣಗಿದರು. ಮೇಡಮ್ ಎಲ್ಲರಿಗೂ ಒಂದೊಂದು ಉದ್ದನೆಯ ಕಾಗದ ಹಂಚಿದರು. ಅದರ ತುಂಬ ಎಪ್ಪತ್ತು ಚೌಕಗಳು. ಒಂದು ಚೌಕ ಒಂದು ವರ್ಷ. ಕಳೆದದ್ದಕ್ಕೆ ಬಣ್ಣ ತುಂಬಿ, ಅದರಲ್ಲಿ ಮನೆಯವರ ಜೊತೆ ಎಷ್ಟು ಕಳೆದಿರಿ ಎಂದು ಗುರುತು ಮಾಡಿ ಎಂದರು. ಆಮೇಲೆ ಕೊನೆಯ ಚೌಕದಲ್ಲಿ ನಿಂತು ಹಿಂತಿರುಗಿ ನೋಡಿ, ಎಪ್ಪತ್ತರ ಆ ಮುದುಕ ಇವತ್ತಿನ ನಿಮ್ಮನ್ನು ಏನು ಕೇಳುತ್ತಾನೆ, ಯೋಚಿಸಿ ಎಂದರು. ನಿದ್ದೆ ಮಾಡಿದ್ದಕ್ಕೂ ಬಣ್ಣ ತುಂಬಬೇಕಾ ಮೇಡಮ್ ಎಂದು ಜಬ್ಬಾರ್ ಕೇಳಿದ. ಎಲ್ಲರೂ ನಕ್ಕರು, ಊಟದ ಗಂಟೆಯಾಯಿತು.

ದೇವರಾಜು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಬಿಡುವಿದ್ದದ್ದೇ ಎಡವಟ್ಟಾಯಿತು, ಕೆಲಸವಿದ್ದಿದ್ದರೆ ಅದು ಬಟ್ಟೆಯ ಜೊತೆ ನೀರಿನಲ್ಲಿ ನೆಂದು ಹೋಗುತ್ತಿತ್ತು. ರೂಮಿನಲ್ಲಿ ಕುಳಿತು ಗುರುತು ಮಾಡಲು ಹೊರಟ. ಇಸವಿಗಳು ನೆನಪಾಗಲಿಲ್ಲ. ಅವನಿಗೆ ನೆನಪಿದ್ದದ್ದು ಬೆಳೆಗಳು. ಸೌಮ್ಯಳ ಮೈಮೇಲೆಲ್ಲ ಅಮ್ಮ ಎದ್ದ ಬೆಳೆ, ಬಾವಿಗೆ ಕರು ಬಿದ್ದ ಬೆಳೆ, ಅವ್ವ ಹೋದ ಬೆಳೆ. ಒಂದೊಂದು ಬೆಳೆಗೂ ಇನ್ನೊಂದಕ್ಕೂ ನಡುವೆ ತಾನು ಮನೆಯಲ್ಲಿ ಎಷ್ಟು ದಿನ ಮಲಗಿದ್ದೆ ಎಂದು ಬೆರಳು ಮಡಿಸಿ ಎಣಿಸಿದ. ಹಬ್ಬಗಳನ್ನು ಸೇರಿಸಿದ, ಅವ್ವನ ಹನ್ನೊಂದು ದಿನವನ್ನೂ ಸೇರಿಸಿದ. ಎಂಟು ವರ್ಷಕ್ಕೆ ನೂರಾ ನಲವತ್ತಾರು ದಿನವಾಯಿತು. ಎಲ್ಲೋ ತಪ್ಪಿರಬೇಕು ಎಂದು ಮತ್ತೆ ಎಣಿಸಿದ. ನೂರಾ ನಲವತ್ತಮೂರಕ್ಕೆ ಇಳಿಯಿತು. ಮೊದಲಿನದೇ ಇರಲಿ ಎಂದು ಬಿಟ್ಟ.

ಐದು ತಿಂಗಳೂ ಇಲ್ಲ. ಮೂರನೇ ಕ್ಲಾಸು ಓದುತ್ತಿರುವ ಮಗಳು ಅವನ ಪಾಲಿಗೆ ಇನ್ನೂ ತೆವಳಲು ಬಾರದ ಕೂಸು. ಮೇಡಮ್ ಹಿಂದಕ್ಕೆ ನೋಡಿ ಎಂದಿದ್ದರು, ಅವನು ಮುಂದಕ್ಕೂ ಎಣಿಸಿದ. ಹೆಣ್ಣುಮಗು, ಇನ್ನು ಹೆಚ್ಚೆಂದರೆ ಹತ್ತು ವರ್ಷ ಮನೆಯಲ್ಲಿರುತ್ತಾಳೆ. ವರ್ಷಕ್ಕೆ ಹದಿನೆಂಟು ದಿನದ ಹಾಗೆ ನೂರಾ ಎಂಬತ್ತು. ಹಿಂದಿನದನ್ನು ಸೇರಿಸಿದರೂ ಅವಳು ಮನೆ ಬಿಡುವ ಹೊತ್ತಿಗೆ ಅವನು ಅವಳಿಗೆ ಅಪ್ಪನಾಗಿದ್ದದ್ದು ಒಂದು ವರ್ಷವೂ ತುಂಬುವುದಿಲ್ಲ. ಎಪ್ಪತ್ತರ ಮುದುಕ ಏನು ಕೇಳುತ್ತಾನೋ ದೇವರಾಜುವಿಗೆ ಗೊತ್ತಾಗಲಿಲ್ಲ. ಅವನಪ್ಪ ಐವತ್ತಕ್ಕೇ ಹೋದವನು. ಮೂವತ್ತೈದರ ದೇವರಾಜುವೇ ತಲೆದಿಂಬಿಗೆ ಮುಖ ಒತ್ತಿಕೊಂಡು ಅತ್ತ. ಮೇಲಿನ ಮನೆಯ ಕುಕ್ಕರ್ ಮೂರು ಸಲ ಕೂಗಿ ಸುಮ್ಮನಾಯಿತು.

ಅದೇ ವಾರ ಸೂಪರ್‌ವೈಸರ್ ಕರೆದು ಎರಡು ಮಾತು ಹೇಳಿದರು. ಪೇಂಟ್ ಶಾಪಿನ ಲೈನ್ ಲೀಡರ್ ಜಾಗಕ್ಕೆ ಇವನ ಹೆಸರು ಕಳಿಸಿದ್ದಾರಂತೆ. ಹತ್ತು ಜನ ಕೈಕೆಳಗೆ, ಮೂರು ಶಿಫ್ಟೂ ಸುತ್ತಬೇಕು, ಬೆಳೆದರೆ ಮುಂದೆ ದಾರಿಯಿದೆ. ಅದು ಬೇಡವೆಂದರೆ ಸ್ಟೋರ್ಸಿನಲ್ಲಿ ಒಂದು ಜಾಗ ಖಾಲಿಯಿದೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸ, ಕೈಗೆ ಬರುವುದು ಕಡಿಮೆ, ಅಲ್ಲಿಗೆ ಸೇರಿದವರು ಅಲ್ಲೇ ಮುದುಕರಾಗುತ್ತಾರೆ. ಸೋಮವಾರ ಹೇಳು ಎಂದರು. ಯಾವುದನ್ನು ಹೇಳುತ್ತಾನೆ ಎಂಬ ಬಗ್ಗೆ ಅವರಿಗೇನೂ ಅನುಮಾನವಿದ್ದಂತೆ ಕಾಣಲಿಲ್ಲ.

ಶನಿವಾರ ಮಧ್ಯಾಹ್ನ ಮೂರಕ್ಕೆ ಶಿಫ್ಟು ಮುಗಿಸಿ, ಎರಡು ಸಲ ಸೋಪು ಹಾಕಿ ಮೈ ಉಜ್ಜಿಕೊಂಡು, ಒಗೆದ ಬಟ್ಟೆ ತೊಟ್ಟು ದೇವರಾಜು ರಾಮನಗರದ ಬಸ್ಸು ಹತ್ತಿದ. ಹುಳ ಇರುವಾಗ, ಹಬ್ಬವಿಲ್ಲದೆ, ಕೆಲಸವಿಲ್ಲದೆ, ಹೇಳದೆ ಕೇಳದೆ ಅವನು ಮನೆಗೆ ಹೊರಟದ್ದು ಎಂಟು ವರ್ಷದಲ್ಲಿ ಇದೇ ಮೊದಲು. ಕನಕಪುರದಲ್ಲಿ ಬಸ್ಸಿಗೆ ಕಾಯುವಾಗ ಭಯವಾಯಿತು. ಲೈನ್ ಲೀಡರ್ ಜಾಗ ಹೋಗುತ್ತದೆಂಬ ಭಯವಾಗಿರಲಿಲ್ಲ ಅದು. ನಾನು ಮನೆಗೆ ಬಂದುಬಿಡುತ್ತೇನೆ ಎಂದರೆ ಲತಾಮಣಿ ಬೇಡ ಎನ್ನುತ್ತಾಳೇನೋ ಎಂಬ ಭಯ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವನು ಕಳೆದುಕೊಂಡದ್ದು ಅಡಿಕೆಗಿಂತ ಎಷ್ಟೋ ದೊಡ್ಡದು.

ಊರು ಮುಟ್ಟಿದಾಗ ಕತ್ತಲಾಗುತ್ತಿತ್ತು. ಸೌಮ್ಯ ಜಗಲಿಯ ದೀಪದ ಕೆಳಗೆ ಮಗ್ಗಿ ಬರೆಯುತ್ತಿದ್ದಳು. ಅವನನ್ನು ನೋಡಿ ಎದ್ದು ನಿಂತು, "ಅವ್ವಾ, ಬಿಡದಿ ಅಪ್ಪ ಬಂತು" ಎಂದು ಹಿತ್ತಿಲ ಕಡೆ ಕೂಗಿದಳು. ಲತಾಮಣಿ ಹುಳದ ಮನೆಯಿಂದ ಬೇಗಬೇಗ ಬಂದಳು. ಅಂಗೈಯೆಲ್ಲ ಸೊಪ್ಪಿನ ಕಲೆ. ಮೈಗೆ ಹುಷಾರಿಲ್ಲವಾ ಎಂದು ಮೊದಲು ಕೇಳಿದಳು, ಕೆಲಸ ಹೋಯಿತಾ ಎಂದು ಆಮೇಲೆ ಕೇಳಿದಳು. ಎರಡೂ ಅಲ್ಲ, ಸುಮ್ಮನೆ ಬಂದೆ ಎಂದ. ಸುಮ್ಮನೆ ಬರುವುದೂ ಒಂದು ಕಾರಣವೇ ಎನ್ನುವ ಹಾಗೆ ಅವಳು ಅವನನ್ನೇ ನೋಡಿದಳು. ಒಳಗೆ ಹೋಗಿ ತಟ್ಟೆಗೆ ಮುದ್ದೆ ಸಾರು ಹಾಕಿಕೊಂಡು ಬಂದು ಜಗಲಿಯ ಮೇಲೇ ಇಟ್ಟಳು. ವಾಸದ ಮನೆಯಲ್ಲಿ ಹುಳ ಇಲ್ಲದೆ ನಾಲ್ಕು ವರ್ಷವಾಗಿತ್ತು. ಯಾರೂ ಅವನನ್ನು ಹೊರಗೆ ಕೂರು ಎನ್ನಲಿಲ್ಲ. ಒಳಗೆ ಬಾ ಎನ್ನುವುದು ಯಾರಿಗೂ ಹೊಳೆಯಲಿಲ್ಲ ಅಷ್ಟೇ.

ಸೌಮ್ಯ ಪುಸ್ತಕ ಇಡಲು ಹೋದಾಗ ದೇವರಾಜು ಸ್ಟೋರ್ಸಿನ ಸಂಗತಿ ಹೇಳಿದ. ದಿನಾ ಮನೆಗೆ ಬರುವ ಹಾಗಾಗುತ್ತದೆ, ಸಂಬಳ ಒಸಿ ಇಳಿಯುತ್ತದೆ, ಪೇಂಟಿನ ವಾಸನೆ ಅಲ್ಲಿಲ್ಲ ಎಂದ. ಲತಾಮಣಿ ಹೂಂ ಎಂದಳು. ಆ ಹೂಂನಲ್ಲಿ ಸಂತೋಷವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಅವನು ಮುರಿದ ಮುದ್ದೆಯನ್ನು ತಟ್ಟೆಗೇ ಇಟ್ಟ. ಎಂಟು ವರ್ಷ ಮಳ್ಳಿ ಮಳ್ಳಿ ಮಂಚಕ್ಕೆ ಎಷ್ಟು ಕಾಲು ಎಂಬಂತೆ ಇದ್ದದ್ದು ಸಾಕಾಗಿತ್ತು.

"ಆವತ್ತು ಹುಳ ಸತ್ತಿದ್ದು ನನ್ ವಾಸ್ನೆಗಲ್ಲ ಕಣೇ" ಎಂದ. "ಪುಟ್ಟಸ್ವಾಮಿ ಸಾರು ಆಗ್ಲೇ ಹೇಳಿದ್ರು. ನಾನೇ ನಿಂಗೆ ಹೇಳ್ದೆ ಮುಚ್ಚಿಟ್ಟೆ."

ಲತಾಮಣಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. "ನಂಗೂ ಹೇಳಿದ್ರು" ಎಂದಳು. "ಹುಳನೆಲ್ಲ ಗುಂಡಿಗೆ ಸುರುದ್ನಲ್ಲ, ಅವತ್ತೇ."

ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದ.

"ಅತ್ತೆ ನಂಬ್ತಿರ್ಲಿಲ್ಲ. ವಾಸ್ನೆ ಅಂದ್ರೆ ವಾಸ್ನೆ ಅಂತಿದ್ರು. ಅದಕ್ಕೇ ಹುಳದ ಮನೇನೇ ಆಚ್ಗೆ ಕಟ್ಟಿಸ್ದೆ. ಹುಳ ಆಚ್ಗೆ ಹೋದ್ರೆ ನೀವು ಒಳೀಕೆ ಬತ್ತೀರಿ ಅಂತ."

ಪೂಜೆಯ ದಿನ ಅವಳು ಬೇಲಿಯ ಹತ್ತಿರ ನಿಂತದ್ದು ಅವನಿಗೆ ಈಗ ಅರ್ಥವಾಯಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಒಂದು ಮಾತು ಬಾ ಎಂದಿದ್ದರೆ ಬರುತ್ತಿದ್ದೆನಲ್ಲ ಎಂದ. ಅಂದ ಮೇಲೆ ತನ್ನ ಮಾತು ತನಗೇ ನಾಚಿಕೆ ತರಿಸಿತು.

"ಕರುದ್ರೆ ಬರೋರು ನೆಂಟ್ರು" ಎಂದಳು ಲತಾಮಣಿ. ದನಿ ಏರಿಸಲಿಲ್ಲ. ನಾಳೆಯ ಸೊಪ್ಪಿನ ವಿಷಯ ಮಾತಾಡುವಂತೆ ಹೇಳಿಕೊಂಡು ಹೋದಳು. "ಹೊಸ ಹುಳದ ಮನೇಲಿ ಮೂರು ಬೆಳೆ ಕಾದೆ. ದಿನಾ ಸಂಜೆ ಬಸ್ಸಿನ ಹೊತ್ಗೆ ಒಂದು ಮುದ್ದೆ ಜಾಸ್ತಿ ಕಟ್ಟಿಡ್ತಿದ್ದೆ. ಬೆಳಿಗ್ಗೆ ಅದ್ನ ಎಮ್ಮೆಗೆ ಹಾಕ್ತಿದ್ದೆ. ನಾಲ್ಕನೇ ಬೆಳೇಗೆ ಕಟ್ಟೋದ್ನ ಬುಟ್ಬುಟ್ಟೆ."

ಅಷ್ಟು ಹೇಳಿ ಎದ್ದಳು. ಹುಳ ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿದೆ, ಹೊಟ್ಟೆಬಾಕತನದ ಕಾಲ, ಸೊಪ್ಪು ತಡವಾಗಬಾರದು ಎಂದಳು. ಸೌಮ್ಯ ಅವಳ ಹಿಂದೆ ಹೊರಟಳು. ದೇವರಾಜುವಿಗೆ ಬಯ್ಯಿಸಿಕೊಂಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬಯ್ಯುವಷ್ಟು ಸಿಟ್ಟು ಅವಳಲ್ಲಿ ಉಳಿದಿರಲಿಲ್ಲ. ಅವನಿಲ್ಲದೆ ಬದುಕುವುದನ್ನು ಅವಳು ಕಲಿತು ಮುಗಿಸಿದ್ದಳು, ಅದೂ ಚೆನ್ನಾಗಿಯೇ ಕಲಿತಿದ್ದಳು. ಬಿಡದಿಯ ರೂಮಿನಲ್ಲಿ ಎಂಟು ವರ್ಷ ಅನುಭವಿಸಿದ ಒಂಟಿತನವೆಲ್ಲ ಸೇರಿದರೂ ಆ ಜಗಲಿಯ ಮೇಲಿನ ಎರಡು ನಿಮಿಷಕ್ಕೆ ಸಮವಾಗಲಿಲ್ಲ.

ಕೈ ತೊಳೆದುಕೊಂಡ. ಕಾಲು ತೊಳೆದುಕೊಂಡ. ಹುಳದ ಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತ. ಒಳಗಿನಿಂದ ಯಾರೂ ಬಾ ಎನ್ನಲಿಲ್ಲ. ಕರೆಯುವುದನ್ನು ಕಾಯುವ ಹಕ್ಕು ತನಗಿಲ್ಲ ಎಂದುಕೊಂಡು ಒಳಗೆ ಹೋದ.

ಅವನು ಬಲ್ಲ ಕೆಲಸ ಅಲ್ಲಿ ಒಂದೂ ಇರಲಿಲ್ಲ. ಚಿಕ್ಕಂದಿನಲ್ಲಿ ಅವ್ವನ ಜೊತೆ ಸೊಪ್ಪು ಹೆಚ್ಚಿ ಬಿದಿರಿನ ತಟ್ಟೆಗಳಿಗೆ ಉದುರಿಸುತ್ತಿದ್ದ. ಈಗ ತಟ್ಟೆಗಳೂ ಇಲ್ಲ, ಸೊಪ್ಪು ಹೆಚ್ಚುವ ಮಣೆಯೂ ಇಲ್ಲ. ಗೋಡೆಯಿಂದ ಗೋಡೆಗೆ ಉದ್ದನೆಯ ಅಟ್ಟಣೆಗಳು, ಅವುಗಳ ಮೇಲೆ ಕಡ್ಡಿಸಮೇತ ಸೊಪ್ಪು, ಸೊಪ್ಪಿನ ತುಂಬ ಬೆರಳುಗಾತ್ರದ ಬಿಳಿ ಹುಳ. ಲತಾಮಣಿ ಆ ತುದಿಯಿಂದ ಕಡ್ಡಿ ಹಾಸುತ್ತ ಬರುತ್ತಿದ್ದಳು. ಅವಳ ಕೈ ಎಷ್ಟು ಬೇಗ ಓಡುತ್ತಿತ್ತೆಂದರೆ ಜೊತೆಗೆ ಇನ್ನೊಬ್ಬರು ಬೇಕು ಅಂತ ನೋಡಿದವರಿಗೆ ಅನ್ನಿಸುತ್ತಲೇ ಇರಲಿಲ್ಲ. ದೇವರಾಜು ಕಂತೆಯಿಂದ ಒಂದು ತೆಕ್ಕೆ ಕಡ್ಡಿ ಎತ್ತಿಕೊಂಡು ಈ ತುದಿಯಲ್ಲಿ ಹಾಸಿದ.

"ಹಂಗಲ್ಲ" ಎಂದಳು ಸೌಮ್ಯ. ಹತ್ತಿರ ಬಂದು ಅವನು ಹಾಸಿದ್ದನ್ನು ತೆಗೆದು ಮತ್ತೆ ಜೋಡಿಸಿದಳು. ಒಂದು ಕಡ್ಡಿಯ ತುದಿ ಆ ಕಡೆಗೆ ಬಂದರೆ ಪಕ್ಕದ್ದರ ತುದಿ ಈ ಕಡೆಗೆ ಬರಬೇಕು, ಇಲ್ಲದಿದ್ದರೆ ಒಂದು ಬದಿಯ ಹುಳಕ್ಕೆ ಬರೀ ಎಳೆ ಸೊಪ್ಪು ಸಿಕ್ಕಿ ಇನ್ನೊಂದು ಬದಿಗೆ ಬರೀ ಬಲಿತದ್ದು ಸಿಗುತ್ತದೆ ಎಂದು ಹೇಳಿಕೊಟ್ಟಳು. ಕೂಲಿಗೆ ಹೊಸದಾಗಿ ಬಂದವರಿಗೂ ಹೀಗೇ ಹೇಳಿಕೊಡುತ್ತಾಳೇನೋ. ಎಂಟು ವರ್ಷದ ಮಗಳಿಂದ ಅವನು ಕಲಿತ. ಎರಡನೇ ಸಲವೂ ತಪ್ಪಿದ. ಮೂರನೇ ಸಲ ಅವಳು ನೋಡಿ ಮುಂದಿನ ಕಡ್ಡಿಗೆ ಕೈ ಹಾಕಿದಳು, ಅಂದರೆ ಸರಿಯಾಗಿತ್ತು.

"ಈ ಕೆಲ್ಸ ಪೂರ್ತಿ ಬರಬೇಕಂದ್ರೆ ಎಷ್ಟು ದಿನ ಬೇಕಾಯ್ತದೆ?" ಎಂದು ಕೇಳಿದ.

"ಒಂದು ಬೆಳೆ ಇದ್ರೆ ಬತ್ತದೆ" ಎಂದಳು ಸೌಮ್ಯ. ಒಂದು ಕಡ್ಡಿ ಸರಿಮಾಡಿ ಕೇಳಿದಳು, "ಇರ್ತೀಯಾ?"

"ಇರ್ತೀನಿ ಮಗ. ಸೋಮವಾರ ಹೋಗಿ ಹೇಳ್ಬುಟ್ಟು ಬತ್ತೀನಿ. ಆಮೇಕೆ ದಿನಾ ಬತ್ತೀನಿ."

ಸೌಮ್ಯ ನಂಬಬಹುದೇ ಎಂದು ಕೇಳುವಂತೆ ಅಮ್ಮನ ಮುಖ ನೋಡಿದಳು. ಲತಾಮಣಿ ಕಡ್ಡಿ ಹಾಸುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಅವಳು ನಂಬುವುದಕ್ಕೆ ಏನಿಲ್ಲವೆಂದರೂ ಮೂರು ಬೆಳೆ ಹಿಡಿಯುತ್ತದೆ ಎಂದು ದೇವರಾಜುವಿಗೆ ಗೊತ್ತಾಯಿತು. ನಾಲ್ಕನೆಯದೂ ಹಿಡಿಯಬಹುದು. ಅವನು ಇನ್ನೊಂದು ತೆಕ್ಕೆ ಸೊಪ್ಪು ಎತ್ತಿಕೊಂಡ.